ನಲವತ್ತೊಂದನೆಯ ನಡಿಗೆ

ಬಿಳಿಕೆರೆ ಬಸ್ ಸ್ಟ್ಯಾಂಡಿನ ಎದುರು ಜೆರಾಕ್ಸ್ ಅಂಗಡಿ ಇಟ್ಟಿರುವ ನೀಲಾಂಬಿಕೆಯವರಿಗೆ ಎರಡು ಕಸುಬು. ಆಧಾರ್, ಪಹಣಿಗೆ ನಕಲು ತೆಗೆದುಕೊಡುವುದು ಊರಿಗೆ ಗೊತ್ತಿರುವ ಕಸುಬು. ಇನ್ನೊಂದು ಊರಿಗೆ ಗೊತ್ತಿಲ್ಲ, ಗೊತ್ತಾದರೂ ನಂಬುವುದಿಲ್ಲ. ಗಿರಾಕಿಗಳಿಲ್ಲದ ಮಧ್ಯಾಹ್ನ ಅವರು ಸತ್ತ ತೊಟ್ಟಿಗೆ ಜೀವ ಬರಿಸುತ್ತಾರೆ.

ತೊಟ್ಟಿ ಎಂದರೆ ಕಸದ್ದಲ್ಲ. ಕಂಪ್ಯೂಟರಿನ ಯಾವ ಪ್ರೋಗ್ರಾಮಿಗಾದರೂ ಒಂದು ಮುಖ ಬೇಕಲ್ಲ? ಕಿಟಕಿ, ಗುಂಡಿ, ಬರೆಯುವ ಚೌಕ, ಇವನ್ನೆಲ್ಲ ಪ್ರತಿಸಲ ಹೊಸದಾಗಿ ಕೆತ್ತುವ ಬದಲು ಬಡಗಿ ಸಿದ್ಧ ಚೌಕಟ್ಟು ತಂದು ಕೂರಿಸಿದ ಹಾಗೆ ಕೂರಿಸಲು ಮಾಡಿದ ಸಾಮಾನಿನ ಪೆಟ್ಟಿಗೆ ಅದು. ಇಪ್ಪತ್ತೈದು ವರ್ಷದ ಹಿಂದೆ ಹುಣಸೂರಿನ ಒಂದು ಕಾಲೇಜಿನ ಲ್ಯಾಬಿನಲ್ಲಿ ಹುಟ್ಟಿತು. ಯಾರು ಬೇಕಾದರೂ ಪುಕ್ಕಟೆ ಒಯ್ಯಿರಿ, ಬಿಚ್ಚಿ ನೋಡಿರಿ, ತಿದ್ದಿರಿ, ಹಂಚಿರಿ ಎಂದು ಬಿಟ್ಟುಕೊಟ್ಟರು. ನಡುವೆ ಬೆಳಕು ಬೀಳಲಿ ಎಂದು ತೊಟ್ಟಿಮನೆಯ ಹೆಸರಿಟ್ಟರು. ಲೋಕ ಇನ್ನೊಂದು ತೊಟ್ಟಿಯ ಹಾಗೆ ನಡೆಸಿಕೊಂಡಿತು.

ಕಟ್ಟಿದವರು ಮೂವರು. ಇಬ್ಬರು ಲೆಕ್ಚರರುಗಳು ಬಡ್ತಿ ಸಿಕ್ಕಿ ಹೋದರು. ಲ್ಯಾಬ್ ಅಟೆಂಡರ್ ದೇವಯ್ಯ ಉಳಿದು ಅದನ್ನು ಸಾಕಿದರು. ಅಲ್ಲಿ ಓದುತ್ತಿದ್ದ ನೀಲಾಂಬಿಕೆಗೆ ಮೌಸ್ ಹಿಡಿಯಲು ಕಲಿಸಿದವರೂ ಅವರೇ. ಇಡೀ ಕಾಲೇಜು "ಏ ದೇವಯ್ಯಾ" ಅನ್ನುತ್ತಿದ್ದಾಗ ಇವರೊಬ್ಬರು ಮಾತ್ರ "ಸಾರ್" ಅನ್ನುತ್ತಿದ್ದರು.

"ಗುಂಡಿ ಒತ್ತೋ ಮುಂಚೆ ಬಾಣಾನ ಅದ್ರ ಸುತ್ತ ಮೂರು ಸುತ್ತು ತಿರುಗ್ಸವ್ವ."

"ಯಾಕೆ ಸಾರ್?"

"ದಿನಾ ಎಲ್ಲಾರೂ ಅದ್ರ ಮಕಾನೇ ನೋಡ್ತಾ ಕೂತಿರ್ತಾರೆ. ಕಣ್ಣು ಬೀಳ್ದೆ ಇದ್ದಾತಾ? ದೃಷ್ಟಿ ತೆಗೀಬೇಕು ಕಣವ್ವ."

ಮಗುವಿಗೆ ಉಪ್ಪು ಮೆಣಸಿನಕಾಯಿ ನೀವಳಿಸುವ ಹಾಗೆ ಪರದೆಯ ಮೇಲೆ ಬಾಣ ಮೂರು ಸುತ್ತು ಬರುತ್ತಿತ್ತು. ಆಮೇಲೆ ಒತ್ತು. ದೇವಯ್ಯನ ಮಷೀನು ಮಾತ್ರ ಎಂದೂ ಕೈಕೊಡುತ್ತಿರಲಿಲ್ಲ ಎಂಬುದನ್ನು ಲೆಕ್ಚರರುಗಳೂ ಒಪ್ಪುತ್ತಿದ್ದರು, ಕಾರಣವನ್ನಲ್ಲ.

ಅವರು ತೀರಿಕೊಂಡು ಒಂಬತ್ತು ವರ್ಷವಾದ ಮೇಲೆ ಮಗ ಸುನೀಲ್‌ಕುಮಾರ್ ಫೋನು ಮಾಡಿದ. ಕೆ.ಆರ್. ನಗರದ ಒಂದು ಅಕ್ಕಿ ಗಿರಣಿಯಲ್ಲಿ ಲಾರಿ ತೂಗುವ ಕೆಲಸ ಅವನದು.

"ಅಕ್ಕಾ, ಹಳೇ ಕಂಪ್ಯೂಟ್ರು ಸುಟ್ಟೋಯ್ತು. ಹೊಸದ್ರಲ್ಲಿ ಅಪ್ಪ ತೊಟ್ಟೀಲಿ ಮಾಡ್ಕೊಟ್ಟಿದ್ದ ತೂಕದ ಪ್ರೋಗ್ರಾಮು ಮಕಾನೇ ತೋರುಸ್ತಿಲ್ಲ. ಭತ್ತ ಬರೋದ್ರೊಳಗೆ ಏನಾರ ಮಾಡಿ."

ನೀಲಾಂಬಿಕೆ ತಮ್ಮ ಕಂಪ್ಯೂಟರಿನಲ್ಲಿ ತೊಟ್ಟಿಯ ಪೆಟ್ಟಿಗೆ ಬಿಚ್ಚಿದರು. ತಳದಲ್ಲಿ ನಲವತ್ತೊಂದು ಫೈಲುಗಳಿದ್ದವು. ತೊಟ್ಟಿಯಲ್ಲಿ ಏನು ತಿದ್ದಿದರೂ ಎಲ್ಲ ಗುಂಡಿಗಳನ್ನೂ ಒತ್ತಿ ಪರೀಕ್ಷೆ ಮಾಡಬೇಕು. ಆ ಬೇಸರಕ್ಕೆ ದೇವಯ್ಯ ತಮ್ಮ ಕೈಯ ನಡೆಯನ್ನೇ ರೆಕಾರ್ಡ್ ಮಾಡಿ ಹಿಡಿದಿಟ್ಟಿದ್ದರು. ಫೈಲು ಓಡಿಸಿದರೆ ಬಾಣ ತಾನೇ ನಡೆಯುತ್ತದೆ, ತಾನೇ ಒತ್ತುತ್ತದೆ. ಆಗಬೇಕಾದ್ದು ಆದರೆ ಪಾಸ್, ಇಲ್ಲದಿದ್ದರೆ ಫೇಲ್.

ಮೊದಲನೆಯದನ್ನು ಓಡಿಸಿ ನೀಲಾಂಬಿಕೆ ಕೈ ಹಿಂದಕ್ಕೆ ತೆಗೆದರು. ಬಾಣ ಹೊರಟಿತು. ನಡುವೆ ಅನುಮಾನಿಸಿ ನಿಂತಿತು, ಗುಂಡಿಯ ಹತ್ತಿರ ಹೋಗಿ ಮೂರು ಸುತ್ತು ಸುತ್ತಿತು, ಒತ್ತಿತು. ಮೌಸಿನ ಮೇಲೆ ಕೈ ಇರಲಿಲ್ಲ. ಕೈಯಿದ್ದವರೇ ಇರಲಿಲ್ಲ.

ಪಿಂಚಣಿ ಕಾಗದದ ನಕಲಿಗೆ ಬಂದಿದ್ದ ಪುಟ್ಟಮಾದಮ್ಮ ಬಗ್ಗಿ ನೋಡಿದರು. "ಯಾರವ್ವಾ ಅದನ್ನ ಆಡುಸ್ತಿರದು?"

"ನಮ್ಮ ಸಾರು."

"ಎಲ್ಲವ್ರೆ?"

"ಇಲ್ಲ."

ಪುಟ್ಟಮಾದಮ್ಮ ನಕಲಿಗೆ ಕಾಯದೆ ಅಸಲು ಎತ್ತಿಕೊಂಡು ಹೊರಟೇಬಿಟ್ಟರು.

ಕೊನೆಯ ಫೈಲೊಂದು ಮಾತ್ರ ವಿಚಿತ್ರ. ಅದು ದೇವಯ್ಯ ಆಸ್ಪತ್ರೆ ಸೇರುವ ಹಿಂದಿನ ವಾರದ್ದು. ಬಾಣ ಬಲಗಡೆಯ ಕೆಳಮೂಲೆಗೆ ಹೋಗುತ್ತದೆ. ಅಲ್ಲಿ ಗುಂಡಿಯೇ ಇಲ್ಲ. ಆ ಬಯಲಿಗೇ ಮೂರು ಸುತ್ತು ನೀವಳಿಸಿ, ಒತ್ತಿ, ಕಾಯುತ್ತದೆ. ಆಗಬೇಕಾದ್ದು ಏನೆಂದು ದೇವಯ್ಯ ಬರೆದಿದ್ದರು: ಕಿಟಕಿ ಮುಚ್ಚಬೇಕು. 'ಮುಚ್ಚು' ಗುಂಡಿ ಇದ್ದದ್ದು ಎಡಗಡೆ ಮೇಲೆ. ಸದಾ ಫೇಲ್. ಜ್ವರದ ಕೈ ಎಂದುಕೊಂಡರು ನೀಲಾಂಬಿಕೆ.

ಕಷ್ಟ ಶುರುವಾದದ್ದು ಆಮೇಲೆ. ಹೊಸ ಪರದೆ ಅಗಲ, ಗುಂಡಿಗಳ ಜಾಗವನ್ನೆಲ್ಲ ಬದಲಿಸಬೇಕು. ಬದಲಿಸಿದರೆ ದೇವಯ್ಯನ ಕೈಗೆ ದಾರಿ ತಪ್ಪುತ್ತದೆ, ಎಲ್ಲ ಫೇಲ್ ಆಗಿ ಫೈಲುಗಳನ್ನೇ ಅಳಿಸಬೇಕಾಗುತ್ತದೆ. ನೀಲಾಂಬಿಕೆ ಅದೂ ಇದೂ ನೆಪ ಹೇಳಿ ಮೂರು ವಾರ ತಳ್ಳಿದರು. ಕೊನೆಗೆ ಸುನೀಲನೇ ಬಸ್ಸು ಹತ್ತಿ ಬಂದು ಅಪ್ಪನ ಬಾಣ ತಿರುಗುವುದನ್ನು ನೋಡಿದ.

"ಒರೆಸ್ಬುಡಿ ಅಕ್ಕ. ಲಾರಿ ಸಾಲು ರೋಡಿಗೆ ಬಂದದೆ. ಅಪ್ಪನ್ನ ಕಳ್ಸಾಕೆ ನಿಮಗೆ ಮನಸಿಲ್ಲ, ಅಷ್ಟೇಯ."

"ನಿನಗೆ ಇದೆಯೇನಪ್ಪಾ?"

ಅವನು ಸ್ಟೂಲು ಎಳೆದುಕೊಂಡು ಪಕ್ಕದಲ್ಲಿ ಕೂತ. ನೀಲಾಂಬಿಕೆ ಹೊಸ ಜೋಡಣೆ ಮುಗಿಸಿದರು. ಅಳಿಸುವ ಮುಂಚೆ ಕಡೆಯದಾಗಿ ನಲವತ್ತೊಂದನ್ನೂ ಓಡಿಸಿದರು.

ಕೆಡವಿದ ಮನೆಯಲ್ಲಿ ಸ್ವಿಚ್ಚಿಗೆ ತಡಕುವವರ ಹಾಗೆ ಬಾಣ ಹಳೆಯ ಜಾಗಗಳಿಗೇ ಹೋಯಿತು, ಬರಿ ಬಯಲನ್ನು ಸುತ್ತಿತು, ಬಯಲನ್ನೇ ಒತ್ತಿತು. ಫೇಲ್. ಫೇಲ್. ನಲವತ್ತೂ ಫೇಲ್. ಸುನೀಲ ಮುಖ ತಿರುಗಿಸಿ ರಸ್ತೆ ನೋಡುತ್ತಿದ್ದ.

ನಲವತ್ತೊಂದನೆಯದು ಬಲಗಡೆಯ ಕೆಳಮೂಲೆಗೆ ಹೋಯಿತು. ಈಗ ಅಲ್ಲಿ ಗುಂಡಿಯಿತ್ತು. ನೀಲಾಂಬಿಕೆ ಅವತ್ತು ಬೆಳಿಗ್ಗೆ ತಂದು ಕೂರಿಸಿದ 'ಮುಚ್ಚು'. ಬಾಣ ಮೂರು ಸುತ್ತು ನೀವಳಿಸಿ ಒತ್ತಿತು. ಕಿಟಕಿ ಮುಚ್ಚಿಕೊಂಡಿತು.

ಪಾಸ್.

ಸದಾ ಫೇಲ್ ಆಗುತ್ತಿದ್ದ ಫೈಲು ಇದೇ ಎಂದು ನೀಲಾಂಬಿಕೆ ಹೇಳಿದಾಗ ಸುನೀಲ ಪರದೆಯ ಕಡೆ ತಿರುಗಿದ.

"ಅಕ್ಕಾ, ಆ ಗುಂಡೀನ ಅಲ್ಲಿ ಯಾಕಿಟ್ರಿ?"

ನೀಲಾಂಬಿಕೆ ಮೌಸ್ ಎಳೆದುಕೊಂಡರು. "ಕೈ ಅಲ್ಲಿಗೇ ಹೋಯ್ತು ಕಣಪ್ಪ. ಇಟ್ಟೆ."

"ಯಾರ ಕೈ?"

ಅವರು ನಲವತ್ತು ಫೈಲುಗಳನ್ನು ಅಳಿಸಿದರು. ಕಡೆಯದಕ್ಕೆ ಬಂದರು. 'ಅಳಿಸಲೇ?' ಎಂದು ಕೇಳಿತು ಕಂಪ್ಯೂಟರು. ಕೆಳಗೆ 'ಹೌದು', 'ಬೇಡ'.

"ಅಕ್ಕಾ, ನೋಡ್ಕಳಿ," ಸುನೀಲನ ದನಿ ಸಣ್ಣದಾಗಿತ್ತು.

ಬಾಣ 'ಬೇಡ'ದ ಸುತ್ತ ತಿರುಗುತ್ತಿತ್ತು. ಒಂದು ಸುತ್ತು. ಎರಡು. ಮೌಸಿನ ಮೇಲಿದ್ದದ್ದು ಅವರದೇ ಕೈ. ತಿರುಗಿಸುತ್ತಿರುವುದು ಮಾತ್ರ ಅವರಿಗೆ ಗೊತ್ತಿರಲಿಲ್ಲ.

ಭತ್ತದ ಲಾರಿಗಳು ಈಗ ಹೊಸ ಪರದೆಯಲ್ಲಿ ತೂಗುತ್ತವೆ. ನಲವತ್ತೊಂದನೆಯ ಫೈಲು ತೊಟ್ಟಿಯ ತಳದಲ್ಲಿ ಹಾಗೆಯೇ ಇದೆ, ಯಾರು ಬೇಕಾದರೂ ಪುಕ್ಕಟೆ ಒಯ್ಯಬಹುದು. ಅವತ್ತು ಎರಡನೆಯ ಸುತ್ತಿಗೇ ನಾನು ಮೌಸಿನಿಂದ ಕೈ ಎತ್ತಿದೆ, ಆಮೇಲೆ ಮತ್ತೆ ಕೈಯಿಟ್ಟು 'ಬೇಡ' ಒತ್ತಿದ್ದೂ ನಾನೇ ಎಂದು ನೀಲಾಂಬಿಕೆ ಹೇಳುತ್ತಾರೆ. ಪಕ್ಕದಲ್ಲೇ ಕೂತಿದ್ದ ಸುನೀಲನನ್ನು ಕೇಳಿದರೆ ಅವನು ಹೌದು ಎನ್ನುವುದಿಲ್ಲ. ಮೂರನೆಯ ಸುತ್ತನ್ನು ತಾನು ಕಣ್ಣಾರೆ ನೋಡಿದೆ ಎಂದಷ್ಟೇ ಹೇಳುತ್ತಾನೆ.