ಜವಾಬಿಗೆ ಬಿಟ್ಟ ಜಾಗ

ನನ್ನ ಬಾಯಿಗೆ ಬೆಲ್ಲ ಸವರಿದವನು ಸಿಂಧನೂರಿನ ಕ್ಯಾಸೆಟ್ ಅಂಗಡಿಯ ಸಾವಕಾರ. ಎಂಬತ್ತರ ದಶಕದ ಮಾತು. ಅದಕ್ಕೆ ಮುಂಚೆ ನಾನು ಮಸ್ಕಿಯ ಗೀಗೀ ಮೇಳದ ಮುಂದಿನ ಹಾಡುಗಾರ್ತಿ, ಹೆಣ್ಣೇ ಹೆಚ್ಚು ಎಂದು ವಾದಿಸುವ ನಾಗೇಶಿ ಕಡೆಯವಳು. ಎದುರಿಗೆ ಗಂಡೇ ಹೆಚ್ಚು ಎನ್ನುವ ಹರದೇಶಿ ಮೇಳ ಕೂರಬೇಕು. ಅವರು ಸವಾಲು ಹಾಕಿದರೆ ನಾವು ನಿಂತಲ್ಲೇ ಪದ ಕಟ್ಟಿ ಜವಾಬು ಕೊಡಬೇಕು, ಮತ್ತೆ ನಮ್ಮ ಸವಾಲು ಎಸೆಯಬೇಕು. ಮಾತು ಬಲ್ಲವನಿಗೆ ಜಗಳವಿಲ್ಲ ಅಂತಾರೆ. ಅದನ್ನು ಹೇಳಿದವರು ಗೀಗೀ ಪದ ಕೇಳಿಲ್ಲ.

ಸಾವಕಾರ ನನ್ನ ದನಿ ಕೇಳಿ, "ಈ ಜಗಳದ ಪದ ಯಾರ್ ಕೊಳ್ತಾರವ್ವ? ಸೋಬಾನ ಹಾಡು, ತೊಟ್ಟಿಲ ಪದ ಹಾಡು, ಮೆತ್ತಗ" ಎಂದ. ಹಾರ್ಮೋನಿಯಂ, ಕೊಳಲಿನ ನಡುವೆ ನಿಂತು ಮೆತ್ತಗೆ ಹಾಡಿದೆ. ಮದುವೆ ಚಪ್ಪರಗಳಲ್ಲೆಲ್ಲ ನನ್ನದೇ ದನಿ. ಖುಷಿಯೂ ಆಗಿತ್ತು, ಸುಳ್ಳು ಯಾಕೆ ಹೇಳಲಿ.

ಆಮೇಲೆ ಲಿಂಗಸುಗೂರಿನವರು ಸವಾಲಿನ ಹಾಡಿಕೆ ಇಟ್ಟರು. ಆ ಊರಿನ ಹರದೇಶಿ ಹಾಡುಗಾರ ದೊಡ್ಡ ಹೆಸರಿನವನು. ಮುಂಚೆ ಎಷ್ಟೋ ಸಲ ನನ್ನೆದುರು ಕೂತವನು. ಈ ಸಲ ನನ್ನ ಹೆಸರು ಕೇಳಿದ್ದೇ, "ಆಕಿ ಎದುರಿಗಿ ನಾ ಕುಂದ್ರಂಗಿಲ್ಲ. ತೊಟ್ಟಿಲ ತೂಗಾಕತ್ತಾಳ, ಸವಾಲ್ ಹಾಕಿ ಕೂಸಿನ್ನ ಎಬ್ಬಸ್ಲೇನು?" ಎಂದನಂತೆ. ಜನ ಬಿದ್ದು ಬಿದ್ದು ನಕ್ಕರಂತೆ. ಉಳಿದ ಹರದೇಶಿ ಮೇಳದವರೂ ಅವನ ಹಾದಿಯನ್ನೇ ಹಿಡಿದರು. ಎದುರಾಳಿ ಇಲ್ಲದಿದ್ದರೆ ಗೀಗೀ ಮೇಳ ಏನು ಮಾಡಬೇಕು? ಪದಕ್ಕೆ ಬಡಿಯುವ ನನ್ನ ದಪ್ಪು ಗೂಟಕ್ಕೆ ಏರಿತು. ವರ್ಷಗಟ್ಟಲೆ ಅಲ್ಲೇ ನೇತಾಡಿತು. ನೋಡಿದಾಗಲೆಲ್ಲ ಮೈ ಉರಿಯುತ್ತಿತ್ತು.

ಹಿಮ್ಮೇಳ ಹಿಡಿಯುತ್ತಿದ್ದ ನನ್ನ ನೆಗೆಣ್ಣಿ, ಮೈದುನನ ಹೆಂಡತಿ, ಸಮಾಧಾನ ಮಾಡಿದಳು. "ಹೆಸರು ಆಗ್ಯಾದ, ಹಾಡು ಅದಾವ. ಇನ್ನ ಏನ್ ಬೇಕಬೇ ನಿನಗ?"

"ಜಗಳ ಬೇಕಾಗ್ಯಾದ" ಎಂದೆ.

ತೊಂಬತ್ತರ ದಶಕ ಹುಟ್ಟಿದ ಮೇಲೆ ಸಾವಕಾರನ ಮುಂದೆ ಹಟ ಹಿಡಿದು ಕೂತೆ. ಈ ಕ್ಯಾಸೆಟ್ ನಾನು ಹೇಳಿದಂತೆ ಆಗಬೇಕು, ಇಲ್ಲದಿದ್ದರೆ ಇನ್ನು ಸೋಬಾನವೂ ಇಲ್ಲ. ಕೊಳಲಿನವನನ್ನು ಚಹಾಕ್ಕೆ ಕಳಿಸಿದೆ. ದಪ್ಪು, ಒಂಟಿ ತಂತಿಯ ತುಂತುಣಿ, ತಾಳ, ನಾವು. ಮೊದಲ ಸವಾಲನ್ನು ದನಿ ಬಿಚ್ಚಿ ಹಾಡಿದೆ:

"ರೊಟ್ಟಿ ಬಡದ ಕೈ ಕಡಿಮಿ, ಉಂಡ ಬಾಯಿ ಹೆಚ್ಚ ಅಂತಿಯಲ್ಲೋ, ಕೈ ಸುಮ್ಮನ ಕುಂತರ ಬಾಯಿಗೇನ ಹಾಕ್ತಿ, ಹೇಳೋ ಜಾಣ?"

ಹಾಡಿ ನಿಲ್ಲಿಸಿದೆವು. ನಿಲ್ಲಿಸಿದವರು ನಿಂತೇಬಿಟ್ಟೆವು. ಟೇಪು ತಿರುಗುತ್ತಲೇ ಇತ್ತು.

"ಯಾಕ ನಿಂತ್ರಿ?" ಎಂದ ಸಾವಕಾರ.

"ಜವಾಬು ಬರ್ಲಿ ಅಂತ್ರೀ" ಎಂದಳು ನೆಗೆಣ್ಣಿ. ಹೇಳಿದ ಮೇಲೆ ಅವಳೇ ನಾಲಿಗೆ ಕಚ್ಚಿಕೊಂಡಳು. ರೂಢಿ, ಏನು ಮಾಡುವುದು. ಸಾವಕಾರ ಅದನ್ನು ಅಳಿಸಲು ಹೊರಟ. ನನಗೆ ಆಗಲೇ ತಲೆಯಲ್ಲಿ ಉಪಾಯ ಹೊಳೆದಿತ್ತು. "ಅಳಸಬ್ಯಾಡ್ರಿ. ಪ್ರತಿ ಸವಾಲು ಮುಗದಮ್ಯಾಲ ಇಷ್ಟು ಜಾಗ ಖಾಲಿ ಇರ್ಲಿ" ಎಂದೆ.

"ಟೇಪ್ ಕೆಟ್ಟಾದ ಅಂತ ವಾಪಸ್ ತರ್ತಾರವ್ವ."

"ತರ್ಲಿ."

ಕೆಲವರು ತಂದರು, ನಿಜ. ಆದರೆ ಚಹಾದ ಹೋಟೆಲುಗಳಲ್ಲಿ, ಮುದಗಲ್ಲಿನ ಬಸ್ಸುಗಳಲ್ಲಿ ಅದು ಹಾಡತೊಡಗಿತು. ಸವಾಲು ಮುಗಿದು ಟೇಪು ಸುಮ್ಮನಾದಾಗ ಜನ ತಾವೇ ಬಾಯಿ ಹಾಕುತ್ತಿದ್ದರಂತೆ. ಲಿಂಗಸುಗೂರಿನ ಬಸ್‌ಸ್ಟ್ಯಾಂಡ್ ಹೋಟೆಲಿನಲ್ಲಿ ಮಾತ್ರ ಯಾರೂ ಬಾಯಿ ಹಾಕದೆ, ಚಹಾ ಕುಡಿಯುತ್ತಿದ್ದ ಆ ಹರದೇಶಿಯವನ ಮುಖವನ್ನೇ ನೋಡಿದರಂತೆ. "ನನ್ ಮಾರಿ ಏನ್ ನೋಡ್ತೀರಲೇ?" ಎಂದು ಎದ್ದುಹೋದನಂತೆ. ಎಷ್ಟು ಹೋಟೆಲು ಬಿಟ್ಟು ಎದ್ದಾನು? ಕೊನೆಗೆ ಹೇಳಿಕಳಿಸಿದ, ಕೂರುತ್ತೇನೆ ಎಂದು.

ಅವನ ಊರಿಗೇ ಹೋದೆ. ಹಾಡಹಗಲು, ಬೇವಿನ ಮರದ ಕೆಳಗೆ ಕಾಲಿಡಲು ಜಾಗವಿರಲಿಲ್ಲ. ಅವನು ನನ್ನ ಆ ರೊಟ್ಟಿಯ ಸವಾಲನ್ನೇ ಎತ್ತಿಕೊಂಡ:

"ರೊಟ್ಟಿಗಿ ಹಿಟ್ಟ ಬೇಕು, ಹಿಟ್ಟಿಗಿ ಜ್ವಾಳ ಬೇಕು, ಎತ್ತು ಹೂಡಿ ಬಿತ್ತಿದಾಂವ ಯಾರು, ಹೇಳವ್ವ ಜಾಣಿ?"

ಸಿಳ್ಳೆಯೋ ಸಿಳ್ಳೆ. ನೆಗೆಣ್ಣಿಯ ಮುಖ ಬಾಡಿತು. ನನಗೋ, ಇಷ್ಟು ವರ್ಷದ ಮೇಲೆ ಒಬ್ಬ ತಿರುಗಿ ಮಾತಾಡಿದನಲ್ಲ ಎಂದು ಕುಣಿಯಬೇಕೆನಿಸಿತ್ತು. ದಪ್ಪು ಎತ್ತಿದೆ.

"ಎತ್ತು ಹೊಡದಾಂವ ನೀನು, ಕೂರಿಗಿ ಹಿಂದ ಉಡಿಯಾಗಿನ ಬೀಜ ಬಿಟ್ಟಾಕಿ ಯಾರೋ? ನಾ ಮುಷ್ಟಿ ಬಿಚ್ಚಲಿಲ್ಲಂದ್ರ ನೀ ಬರೇ ಮಣ್ಣ ಗೀರಿದಿ, ಜಾಣ."

ಮೊದಲು ಹೋ ಎಂದವರು ಹೆಂಗಸರು. ಅವನು ಕೂರಲಿಲ್ಲ. ರುಮಾಲು ತೆಗೆದು ಬೆವರು ಒರೆಸಿಕೊಂಡು, "ಇನ್ನೊಂದು ಕೇಳ್ತೀನಿ, ತಡಿಯವ್ವ" ಎಂದ.

"ಕೇಳ್ರಿ ಅಣ್ಣಾರ" ಎಂದೆ. "ನಾಳಿ ಬೆಳತನಕ ಕೇಳ್ರಿ."