ಹಲ್ಲು ಹೋದ ಮೇಲೆ ಸಿಕ್ಕಿದ ದನಿ

ಬೆಳಗಿನ ಐದೂವರೆ. ಮಣ್ಣಗುಡ್ಡದ ಓಣಿಯೊಂದರಲ್ಲಿ, ಹಂಚಿನ ಮನೆಯ ಹಿಂಜಗಲಿಯ ಮೇಲೆ ಆಂಬ್ರೋಸ್ ರೇಗೊ ಬನಿಯನ್, ಲುಂಗಿಯಲ್ಲಿ ಕುಳಿತಿದ್ದಾರೆ. ಕೊರಳ ಪಟ್ಟಿಗೆ ಟೆನರ್ ಸ್ಯಾಕ್ಸೋಫೋನ್ ತೂಗಿದೆ. ಅವರು ಹಾಡು ನುಡಿಸುವುದಿಲ್ಲ. ಒಂದೇ ಮಂದ್ರ ಸ್ವರವನ್ನು ಉಸಿರು ಮುಗಿಯುವವರೆಗೆ ಎಳೆಯುತ್ತಾರೆ. ನಿಲ್ಲಿಸಿ ಮತ್ತೆ ಅದನ್ನೇ. ನಲವತ್ತು ನಿಮಿಷ ಇಷ್ಟೇ.

"ಮೊದಮೊದಲು ಎಮ್ಮೆ ಕೂಗಿದ ಹಾಗೆ ಕೇಳ್ತಿತ್ತು," ಎಂದು ಪಕ್ಕದ ಮನೆಯ ಅರ್ಚಕರ ಪತ್ನಿ ಸತ್ಯಭಾಮಾ ನಗುತ್ತಾರೆ. "ಈಗ ಒಂದು ದಿನ ಕೇಳದಿದ್ರೆ, ಹುಷಾರಿಲ್ವೋ ಎಂತದೋ ಅಂತ ಬೇಲಿ ಹತ್ರ ಬಂದು ನೋಡ್ತೇನೆ."

ಎಂಟಕ್ಕೆಲ್ಲ ಆಂಬ್ರೋಸ್ ಹೊಯಿಗೆ ಬಜಾರಿನ ಹಂಚಿನ ಕಾರ್ಖಾನೆಯಲ್ಲಿರುತ್ತಾರೆ. ಸುಟ್ಟ ಹಂಚನ್ನು ಬೆರಳ ಗೆಣ್ಣಿನಿಂದ ಬಡಿದು ಬಿರುಕು ಪತ್ತೆ ಮಾಡುವುದು ಅವರ ಕೆಲಸ. ದಿನಕ್ಕೆ ಎರಡು ಸಾವಿರ ಹಂಚು. "ಒಳ್ಳೆ ಹಂಚು ಗಂಟೆಯ ಹಾಗೆ ನುಡೀತದೆ. ಬಿರುಕು ಬಿಟ್ಟದ್ದು ನೆಗಡಿ ಆದವನ ಹಾಗೆ ಮಾತಾಡ್ತದೆ," ಎನ್ನುತ್ತಾರೆ.

ಈಗ, ೧೯೬೨ರಲ್ಲಿ, ಅವರಿಗೆ ಐವತ್ತು. ಚರ್ಚಿನ ಬ್ಯಾಂಡಿನಲ್ಲಿ ಕ್ಲಾರಿನೆಟ್ ಕಲಿತು ಇಪ್ಪತ್ತನೆಯ ವಯಸ್ಸಿಗೆ ಬೊಂಬಾಯಿಯ ಹಡಗು ಹತ್ತಿದವರು. ಅಲ್ಲಿನ ಹೊಟೇಲುಗಳಲ್ಲಿ ಹನ್ನೆರಡು ಮಂದಿಯ ನೃತ್ಯದ ಬ್ಯಾಂಡು ಸೇರಿ ಸ್ಯಾಕ್ಸೋಫೋನ್ ಹಿಡಿದರು. ಕೂತವರ ಕಾಲನ್ನೂ ತಾನಾಗಿ ಅಲುಗಿಸುವ ಸ್ವಿಂಗ್ ಸಂಗೀತದ ಕಾಲ ಅದು. "ಆಗ ನನಗೆ ಸ್ಪೀಡಿನ ಹುಚ್ಚು ಮಾರಾಯ್ರೆ. ಒಂದು ಉಸಿರಿಗೆ ಎಷ್ಟು ಸ್ವರ ತುರುಕಬಹುದು ಅಂತ ನೋಡುವುದು." ಪಾನನಿಷೇಧ ಬಂದು ಹೊಟೇಲಿನ ಕುಣಿತಗಳು ಕಡಿಮೆಯಾದಾಗ ಊರಿಗೆ ಮರಳಿ, ಲಿಗೋರಿ ಮಾಸ್ಟರರ ಮದುವೆ ಬ್ಯಾಂಡು ಸೇರಿದರು.

೧೯೫೭ರ ಆಟಿ ತಿಂಗಳ ಜಡಿಮಳೆಯಲ್ಲಿ ನಂತೂರಿನ ಇಳಿಜಾರಿನಲ್ಲಿ ಅವರ ಸೈಕಲ್ ಜಾರಿತು. ವಾದ್ಯದ ಬಾಯಿಯನ್ನು ಕಚ್ಚಿ ಹಿಡಿಯಲು ಬೇಕಾದ ಮೇಲಿನ ಸಾಲಿನ ನಾಲ್ಕು ಹಲ್ಲು ಹೋದವು. ಹಲ್ಲಿನ ಡಾಕ್ಟರು ಕಟ್ಟಿಕೊಟ್ಟ ಸೆಟ್ಟು ಊದಿದ ಕೂಡಲೇ ಸಡಿಲವಾಗುತ್ತಿತ್ತು. ವಾದ್ಯ ಪೆಟ್ಟಿಗೆ ಸೇರಿತು. ಏಳು ತಿಂಗಳಾದ ಮೇಲೆ ಅದನ್ನು ಮಾರುವುದಾಗಿ ಬೊಂಬಾಯಿಯ ಗೆಳೆಯನಿಗೆ ಪತ್ರ ಬರೆಯುತ್ತ ಕೂತಿದ್ದಾಗ, ನರ್ಸ್ ಕೆಲಸ ಮುಗಿಸಿ ಬಂದ ಹೆಂಡತಿ ರೊಸಾಲಿನ್ ನೋಡಿದರು.

"ನಾನು ಕಾಗದ ಹರಿಯಲಿಲ್ಲ," ಎಂದು ರೊಸಾಲಿನ್ ನೆನೆಯುತ್ತಾರೆ. "ಹಲ್ಲು ಹೋಗಿದೆ, ಉಸಿರು ಉಂಟಲ್ಲ? ತುಟಿ ಉಂಟಲ್ಲ? ಅದರಲ್ಲೇ ಊದಿ ನೋಡಿ, ಆಗದಿದ್ರೆ ನಾನೇ ಅಂಚೆಗೆ ಹಾಕ್ತೇನೆ ಅಂದೆ."

ಆಂಬ್ರೋಸ್ ಹಲ್ಲಿನ ಬದಲಿಗೆ, ಕೆಳದುಟಿಯಂತೆ ಮೇಲ್ದುಟಿಯನ್ನೂ ಒಳಮಡಚಿ ಊದಲು ತೊಡಗಿದರು. ತುಟಿ ಒಡೆಯಿತು, ಬಾತಿತು. ಹಳೆಯ ಸ್ಪೀಡು ಬರಲೇ ಇಲ್ಲ. ಬಂದದ್ದು ಬೇರೆಯೇ ದನಿ: ದಪ್ಪ, ಮೆದು, ಅಂಚಿನಲ್ಲಿ ತುಸು ಉಸಿರಿನ ಸದ್ದು.

ಒಂದೂವರೆ ವರ್ಷದ ನಂತರ, ಕೊಡಿಯಾಲ್‌ಬೈಲಿನ ಮದುವೆಯೊಂದರಲ್ಲಿ ಲಿಗೋರಿ ಅವರನ್ನು ಹಿಂದಿನ ಸಾಲಿನಲ್ಲಿ ಕೂರಿಸಿದರು. ಮೊದಲ ಚುರುಕು ಹಾಡಿನಲ್ಲಿ ಆಂಬ್ರೋಸ್ ಹಿಂದೆ ಬಿದ್ದರು. ಮುಂದಿನ ಸಾಲಿನವರು ತಿರುಗಿ ನೋಡಿದರು. "ಎದ್ದು ಹೋಗುವಾ ಅನ್ನಿಸಿತು," ಎನ್ನುತ್ತಾರೆ ಆಂಬ್ರೋಸ್. ಎರಡನೆಯದು ನಿಧಾನದ ಹಾಡು. ಲಿಗೋರಿ ಅವರತ್ತ ಬೆರಳು ತೋರಿಸಿದರು. ಆಂಬ್ರೋಸ್ ಎದ್ದು ನಿಂತು, ಮೊದಲು ಇಪ್ಪತ್ತು ಸ್ವರ ಹಾಕುತ್ತಿದ್ದಲ್ಲಿ ನಾಲ್ಕೇ ಹಾಕಿದರು, ಅದೂ ತಾಳಕ್ಕಿಂತ ಕೂದಲೆಳೆಯಷ್ಟು ತಡವಾಗಿ.

"ಗೋಡೆ ಬದಿ ಕುರ್ಚಿಯಲ್ಲಿದ್ದ ಮುದುಕ ಮುದುಕಿಯರು ಕುಣಿಲಿಕ್ಕೆ ಎದ್ದು ಬಂದ್ರು," ಎನ್ನುತ್ತಾರೆ ಲಿಗೋರಿ. "ನಾನು ನಿಲ್ಲಿಸುವ ಸನ್ನೆಯೇ ಮಾಡ್ಲಿಲ್ಲ. ಹಾಡು ಮೂರು ಸುತ್ತು ಜಾಸ್ತಿ ಹೋಯಿತು. ಮರುದಿನದಿಂದ ಅವನು ಮುಂದಿನ ಸಾಲು."

ಕಳೆದ ಸೀಸನ್ನಿನಲ್ಲಿ ಇಪ್ಪತ್ತೆಂಟು ಮದುವೆ. ಫೋಟೋ ಹಿಡಿಯುವವರು ಮದುಮಕ್ಕಳ ಹಿಂದೆ ಹೋಗುತ್ತಾರೆ. ಒಂದು ಫೋಟೋದಲ್ಲೂ ಆಂಬ್ರೋಸ್ ಮುಖವಿಲ್ಲ. ಮುಂದಿನ ತಿಂಗಳು ಮಗಳು ಲಿಲ್ಲಿಯ ಮದುವೆ. ಅಲ್ಲಿ ಅಪ್ಪನದೊಂದು ಹಾಡು ಇರಲೇಬೇಕೆಂದು ಅವಳ ಹಟ. ಆ ದಿನವಾದರೂ ಜನ ನಿಮ್ಮನ್ನು ಗಮನಿಸಲಿ ಎಂದು ಆಸೆ ಇಲ್ಲವೇ ಎಂದು ಕೇಳುತ್ತೇನೆ. ಅವರು ಗಾಬರಿಯಿಂದ ತಲೆ ಅಲ್ಲಾಡಿಸುತ್ತಾರೆ.

"ಛೆ, ಬೇಡ ಮಾರಾಯ್ರೆ. ಕುಣಿಯುವವ ವಾದ್ಯದವನನ್ನು ನೋಡ್ಲಿಕ್ಕೆ ಶುರು ಮಾಡಿದ ಅಂದ್ರೆ ನನ್ನದು ಎಂತದೋ ತಪ್ಪಿದೆ ಅಂತ ಅರ್ಥ. ಅವ ಜೊತೆಯವಳ ಮುಖವನ್ನೇ ನೋಡ್ತಾ ಇರಬೇಕು."