ಸಾಲಿ ತಾರೀಖು, ಖರೇ ತಾರೀಖು

ಅರ್ಜಿಯ ಎರಡನೆಯ ಸಾಲಿನಲ್ಲೇ ನಾನು ಸಿಕ್ಕಿಬಿದ್ದೆ. ಮೊದಲ ಸಾಲು ಹೆಸರು. ಅದರ ಬಗ್ಗೆ ನನಗೆ ಅನುಮಾನವಿರಲಿಲ್ಲ. ಎರಡನೆಯದು ಹುಟ್ಟಿದ ತಾರೀಖು.

ತೊಂಬತ್ತೆಂಟೋ ತೊಂಬತ್ತೊಂಬತ್ತೋ ಇರಬೇಕು. ಧಾರವಾಡದಲ್ಲಿ ಫಿಸಿಕ್ಸ್ ಎಂ.ಎಸ್ಸಿ. ಮುಗಿಸಿ, ಪಿಎಚ್.ಡಿ. ಅರ್ಧಕ್ಕೆ ಬಿಟ್ಟು, ಲಂಡನ್ನಿಗೆ ಬಂದು ಕಂಪ್ಯೂಟರ್ ಕೋರ್ಸನ್ನೂ ಅರ್ಧಕ್ಕೆ ಬಿಟ್ಟು, ಅಕ್ಸ್‌ಬ್ರಿಡ್ಜಿನ ಆಫೀಸೊಂದರಲ್ಲಿ ಕಂಡವರ ವಿಮೆಯ ಫಾರ್ಮುಗಳನ್ನು ಕಂಪ್ಯೂಟರಿಗೆ ಏರಿಸುತ್ತಿದ್ದೆ. ಹತ್ತಿರದ ಕಾಲೇಜಿನಲ್ಲಿ ರೇಡಿಯೋಗ್ರಫಿ ಪದವಿ ಇದೆ, ಮೂರು ವರ್ಷ ಓದಿದರೆ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವ ಕೆಲಸ ಸಿಗುತ್ತದೆ ಎಂದು ತಿಳಿದದ್ದು ಆಗ.

"ಇದು ಮೂರನೇದು," ಅಂದಳು ಹೆಂಡತಿ. "ಇದೂ ಕೈ ಬಿಡ್ತಂದ್ರ ಸುಮ್ನ ಆ ಫಾರ್ಮ್ ತುಂಬ್ಕೋತ ಕೂಡ್ರಿ. ನಾಲ್ಕನೇದು ನಾ ಕೇಳಂಗಿಲ್ಲ."

ಅವಳು ಹೇಳಿದ್ದನ್ನು ಮಾಡುವವಳು.

ನನಗೆ ಎರಡು ತಾರೀಖುಗಳಿದ್ದವು. ನಮ್ಮೂರಿನ ಹೆಡ್‌ಮಾಸ್ತರರು, ವಯಸ್ಸು ಸಾಲದ ಹುಡುಗರನ್ನೆಲ್ಲ ಜೂನ್ ಒಂದರಂದು ಹುಟ್ಟಿಸಿ ಒಂದನೇ ಇಯತ್ತೆಗೆ ಸೇರಿಸಿಕೊಳ್ಳುತ್ತಿದ್ದರು. ನಮ್ಮ ಕ್ಲಾಸಿನಲ್ಲಿ ಅರ್ಧದಷ್ಟು ಮಂದಿ ಆ ಒಂದೇ ದಿನ ಹುಟ್ಟಿದವರು. ಹೀಗಾಗಿ ನನ್ನ ಮಾರ್ಕ್ಸ್‌ಕಾರ್ಡುಗಳಲ್ಲೆಲ್ಲ ಜೂನ್ ಒಂದು. ಪಾಸ್‌ಪೋರ್ಟ್ ಮಾಡಿಸಿದ್ದು ಅಣ್ಣ. ಅವನು ಪ್ರಾಮಾಣಿಕ. ಏಜೆಂಟನಿಗೆ ಖರೇ ತಾರೀಖು ಹೇಳಿಬಿಟ್ಟ: ನವೆಂಬರ್ ಇಪ್ಪತ್ತೆರಡು. ನಾನು ಪಾಸ್‌ಪೋರ್ಟಿನ ತಾರೀಖು ಬರೆದು, ಮಾರ್ಕ್ಸ್‌ಕಾರ್ಡುಗಳನ್ನು ಲಗತ್ತಿಸಿ, ಯಾರು ನೋಡುತ್ತಾರೆ ಎಂದುಕೊಂಡು ಕಳಿಸಿದೆ.

ಸಂದರ್ಶನಕ್ಕೆ ಮೊದಲು ಅರ್ಜಿದಾರರು ಒಂದು ದಿನ ಆಸ್ಪತ್ರೆಯ ಎಕ್ಸ್‌ರೇ ವಿಭಾಗದಲ್ಲಿ ನಿಂತು ಕೆಲಸ ನೋಡಬೇಕಿತ್ತು. ಅಲ್ಲಿ ನಾನು ಕಲಿತ ಮೊದಲ ಪಾಠ: ಯಂತ್ರ ಮುಟ್ಟುವ ಮುಂಚೆ ರೋಗಿಯ ಬಾಯಿಂದಲೇ ಹೆಸರು, ಹುಟ್ಟಿದ ತಾರೀಖು, ವಿಳಾಸ ಹೇಳಿಸಬೇಕು. ನಾವು ಹೇಳಿ ಹೌದಾ ಎಂದು ಕೇಳುವಂತಿಲ್ಲ. ಮಧ್ಯಾಹ್ನ ಗುಲಬರ್ಗಾ ಕಡೆಯ ಅಜ್ಜ ಒಬ್ಬರು ಎದೆಯ ಎಕ್ಸ್‌ರೇಗೆ ಬಂದರು. (ವಿಜಾಪುರದವರು ಎನ್ನುತ್ತಾಳೆ ಹೆಂಡತಿ. ಅವಳು ಅಲ್ಲಿರಲೇ ಇಲ್ಲ, ಆದರೂ ಅವಳೇ ಸರಿಯಿರಬಹುದು.) ಅವರಿಗೆ ಇಂಗ್ಲಿಷ್ ಬಾರದು, ಜೊತೆಗೆ ಬಂದ ಮಗ ಕಾರ್ ನಿಲ್ಲಿಸಲು ಹೋಗಿದ್ದ. ರೇಡಿಯೋಗ್ರಾಫರ್ ಹೆಂಗಸು ನನ್ನ ಕಡೆ ನೋಡಿದಳು. ನಾನು ಕನ್ನಡದಲ್ಲಿ ತಾರೀಖು ಕೇಳಿದೆ.

"ಯಾವ್ದು ಹೇಳ್ಲಿ ತಮ್ಮಾ? ಸಾಲ್ಯಾಗ ಬರ್ಸಿದ್ದೊ, ಖರೇ ಹುಟ್ಟಿದ್ದೊ?"

"ಇಲ್ಲಿ ಕಾಗದದಾಗ ಯಾವ್ದು ಕೊಟ್ಟೀರಿ?"

"ಸಾಲೀದು."

"ಹಂಗಾರ ಅದನ್ನ ಹೇಳ್ರಿ."

ಅಜ್ಜ ಎದೆಯುಬ್ಬಿಸಿ "ಜೂನ್ ಒಂದು" ಅಂದರು. ನಾನು ಇಂಗ್ಲಿಷಿನಲ್ಲಿ ಹೇಳಿದೆ. ಡಾಕ್ಟರರ ಚೀಟಿಯಲ್ಲೂ ಅದೇ ಇದ್ದದ್ದನ್ನು ನೋಡಿ ಆಕೆಗೆ ಸಂತೋಷವಾಯಿತು. ಈ ವಯಸ್ಸಿನಲ್ಲೂ ಎಷ್ಟು ಚೆನ್ನಾಗಿ ನೆನಪಿಟ್ಟಿದ್ದಾರೆ ಎಂದು ಹೊಗಳಿದಳು.

ಮರುವಾರ ಕಾಲೇಜಿನಿಂದ ಪತ್ರ ಬಂತು. ತಾರೀಖುಗಳು ಹೊಂದುತ್ತಿಲ್ಲ, ಸಂದರ್ಶನಕ್ಕೆ ಬರುವಾಗ ವಿವರಣೆ ತನ್ನಿ. ಊರಿಗೆ ಫೋನ್ ಮಾಡಿದೆ. ಹುಟ್ಟುವಾಗ ಎಚ್ಚರವಿದ್ದ ಸಾಕ್ಷಿ ಅವ್ವ ಒಬ್ಬಳೇ.

"ಶೀಗಿ ಹುಣ್ಣಿವಿ ಆಗಿ ಮೂರು ದಿನಕ್ಕ ಹುಟ್ಟೀಯಪಾ," ಅಂದಳು. "ಅವತ್ತ ನಮ್ಮ ಎಮ್ಮಿ ಈದಿತ್ತು."

"ಶೀಗಿ ಹುಣ್ಣಿವಿ ಅಕ್ಟೋಬರದಾಗ ಬರತದವಾ. ಪಾಸ್‌ಪೋರ್ಟದಾಗ ನವೆಂಬರ್ ಕೊನೀಗೆ ಅದ."

"ಹಂಗಾರ ಆ ಶೀಗಿ ಹುಣ್ಣಿವಿ ನಿಮ್ಮಣ್ಣ ಹುಟ್ಟಿದಾಗಿಂದೇನೋ. ಎಮ್ಮೀದಂತೂ ಅವತ್ತೇ, ಅದ್ರಾಗ ಸಂಶಾ ಇಲ್ಲ."

ಸಂದರ್ಶನ ಮಾಡಿದವರು ಇಬ್ಬರು ಅಧ್ಯಾಪಕರು, ಒಬ್ಬ ಗಂಡಸು, ಒಬ್ಬಳು ಹೆಂಗಸು. ಪ್ರಶ್ನೆ ಸರಳವಾಗಿತ್ತು: ರೋಗಿ ಹೇಳುವ ತಾರೀಖು ಚೀಟಿಯಲ್ಲಿರುವುದಕ್ಕೆ ಹೊಂದದಿದ್ದರೆ ಏನು ಮಾಡುತ್ತೀರಿ? ಎಕ್ಸ್‌ರೇ ತೆಗೆಯದೆ ವಿಚಾರಿಸುತ್ತೇನೆ ಅಂದೆ. ಅದು ಸರಿಯುತ್ತರ, ಅಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ವಿಶ್ವವಿದ್ಯಾಲಯ ನನಗೆ ಕಲಿಸಿದ್ದು ಅಲ್ಲಿಗೆ ನಿಲ್ಲಿಸದಿರುವುದನ್ನು ಮಾತ್ರ. "ನಿಜ ಹೇಳಬೇಕೆಂದರೆ, ಹುಟ್ಟಿದ ತಾರೀಖು ಯಾರಿಗೂ ಗೊತ್ತಿರುವುದಿಲ್ಲ," ಅಂದೆ. "ಬೇರೆಯವರು ಹೇಳಿದ್ದನ್ನು ನಂಬಿರುತ್ತೇವೆ, ಅಷ್ಟೆ."

ಆ ಹೆಂಗಸು ನನ್ನ ಫೈಲು ತೆರೆದಳು. "ಈ ಕಾಗದಗಳನ್ನು ಹಿಡಿದು ನೀವೇ ರೋಗಿಯಾಗಿ ಬಂದರೆ?"

"ವಾಪಸು ಕಳಿಸುತ್ತೇನೆ."

"ನಾವೂ ಅದನ್ನೇ ಮಾಡುತ್ತಿದ್ದೇವೆ," ಅಂದಳು. ಅಥವಾ ಅಂದವನು ಆ ಗಂಡಸೋ ಏನೋ. ಎರಡು ವಾರದೊಳಗೆ ಒಬ್ಬ ಸಾಲಿಸಿಟರ್, ಅಂದರೆ ವಕೀಲರ ಮುಂದೆ, ಹುಟ್ಟಿದ ತಾರೀಖಿನ ಘೋಷಣಾಪತ್ರಕ್ಕೆ ಸಹಿ ಮಾಡಿ ಕಳಿಸಿದರೆ ಸೀಟು ನಿಮ್ಮದು, ಇಲ್ಲವಾದರೆ ಇನ್ನೊಬ್ಬರದು ಎಂದರು.

ಸಾಲಿಸಿಟರ್ ಸಿಕ್ಕಿದ್ದು ಹತ್ತಿರದ ಪಿನ್ನರ್‌ನಲ್ಲಿ. ಹೆಂಡತಿ ಅರ್ಧ ದಿನ ರಜೆ ಹಾಕಿ ಬಂದಳು. ನನ್ನನ್ನು ಒಬ್ಬನನ್ನೇ ಕಳಿಸುವ ಧೈರ್ಯ ಅವಳಿಗಿರಲಿಲ್ಲ. ಪತ್ರದಲ್ಲಿ "ನಾನು ನವೆಂಬರ್ ಇಪ್ಪತ್ತೆರಡರಂದು ಜನಿಸಿದೆನೆಂದು ನನ್ನ ಸ್ವಂತ ತಿಳಿವಳಿಕೆಯಿಂದ ಘೋಷಿಸುತ್ತೇನೆ" ಎಂದಿತ್ತು. ಸಾಲಿಸಿಟರ್ ಪೆನ್ನು ಮುಂದೆ ಮಾಡಿ, ಇದು ಸತ್ಯ ತಾನೆ ಎಂದು ಕೇಳಿದ. ನಾನು "ಸ್ವಂತ ತಿಳಿವಳಿಕೆ" ಎಂಬಲ್ಲೇ ನಿಂತಿದ್ದೆ. ಅವ್ವನಿಗೇ ಇಲ್ಲದ ತಿಳಿವಳಿಕೆ ನನಗೆಲ್ಲಿಂದ ಬಂತು? ಆತ ಗಡಿಯಾರ ನೋಡಿದ.

"ಸತ್ಯ," ಎಂದು ಹಿಂದಿನ ಕುರ್ಚಿಯಿಂದ ಹೆಂಡತಿ ಇಂಗ್ಲಿಷಿನಲ್ಲಿ ಹೇಳಿದಳು. ನಾನು ಸಹಿ ಮಾಡಿದೆ.

ಹೊರಗೆ ಬಂದ ಮೇಲೆ ಕೇಳಿದಳು, "ಒಳಗ ಏನ್ ಅಷ್ಟ ವಿಚಾರ ಮಾಡ್ಲಿಕತ್ತಿದ್ರಿ?"

"ನನಗ ಅದು ಖರೇನ ಗೊತ್ತಿಲ್ಲ."

"ನಿಮಗ ಗೊತ್ತಿರಬೇಕಂತ ಯಾರಂದ್ರು? ನವೆಂಬರ್ ಇಪ್ಪತ್ತೆರಡಕ್ಕ ಕುಂಡಲಿ ಬರ್ಸಿ ನಮ್ಮಪ್ಪಗ ಕೊಟ್ಟೀರಿ. ಇಪ್ಪತ್ತೆಂಟು ಗುಣ ಕೂಡಿದ್ವು ಅಂತ ನನ್ನ ಕೊಟ್ರು. ಈಗ ಆ ತಾರೀಖ ಸುಳ್ಳಂದ್ರ, ನಾ ಲಗ್ನ ಆಗಿದ್ದು ಯಾರನ್ನ?"

ಘೋಷಣಾಪತ್ರದ ಲಕೋಟೆಯನ್ನು ನನ್ನ ಕೈಯಿಂದ ತಗೊಂಡು ಅವಳೇ ಅಂಚೆ ಪೆಟ್ಟಿಗೆಗೆ ಹಾಕಿದಳು. ಸೆಪ್ಟೆಂಬರಿನಲ್ಲಿ ತರಗತಿಗಳು ಶುರುವಾದವು.